ಭಾಗ 6: ದೋಸೆ ನಮ್ಮದು, ಹೆಸರು ಯಾರದ್ದು?

ಬೆಂಗಳೂರಲ್ಲಿ 'ದಾವಣಗೆರೆ ಬೆಣ್ಣೆ ದೋಸೆ' ಅನ್ನೋ ಬೋರ್ಡ್ ಎಷ್ಟು ಕಡೆ ನೋಡಿದೀರಿ? ಅವೆಲ್ಲ ಒಬ್ಬರದ್ದೇ ಬ್ರ್ಯಾಂಚ್ ಅಲ್ಲ. ಆ ಹೆಸರು ಯಾರೊಬ್ಬರ ಸ್ವತ್ತೂ ಅಲ್ಲ. ವಸ್ತು ಎಂಥದ್ದು, ಯಾವ ಊರಿಂದು ಅಂತ ಮಾತ್ರ ಹೇಳೋ ಹೆಸರನ್ನ ಟ್ರೇಡ್ ಮಾರ್ಕ್ಸ್ ಕಾಯ್ದೆ 1999ರ ಸೆಕ್ಷನ್ 9ರ ಪ್ರಕಾರ ಸಾಮಾನ್ಯವಾಗಿ ಒಬ್ಬರಿಗೇ ನೋಂದಾಯಿಸಿಕೊಡಲ್ಲ.

ಇದು ಈಗ ನಮ್ಮನೆ ವಿಷಯ ಆಗಿದೆ. ದಾವಣಗೆರೆಲಿ ನಮ್ಮ ದೊಡ್ಡಪ್ಪ 22 ವರ್ಷದಿಂದ ದೋಸೆ ಹೋಟೆಲ್ ನಡೆಸ್ತಿದಾರೆ. ಹೋದ ತಿಂಗಳು ಬೆಂಗಳೂರಿನವರೊಬ್ಬರು ಬಂದು ಫ್ರಾಂಚೈಸಿ ಕೇಳಿದ್ರು. 5 ಲಕ್ಷ ಮುಂಗಡ, ಆಮೇಲೆ ಲಾಭದಲ್ಲಿ ಪಾಲು. ಅಗ್ರಿಮೆಂಟು ಎರಡೇ ಪುಟ. ಮನೇಲಿ ಬಿಕಾಂ ಓದ್ತಿರೋಳು ನಾನೊಬ್ಳೇ, ಅದಕ್ಕೆ ಅದು ನನ್ನ ಕೈಗೆ ಬಂತು.

ಮೊದಲು ಗೊತ್ತಿರಬೇಕಾದ್ದು: ಭಾರತದಲ್ಲಿ ಫ್ರಾಂಚೈಸಿಗೆ ಅಂತಲೇ ಪ್ರತ್ಯೇಕ ಕಾನೂನಿಲ್ಲ. ಅಮೆರಿಕದಲ್ಲಿ ಫ್ರಾಂಚೈಸಿ ಕೊಡೋರು ಸಹಿಗೆ ಕನಿಷ್ಠ 14 ದಿನ ಮೊದಲೇ ಎಲ್ಲಾ ವಿವರ ಬರೆದು ಕೊಡಬೇಕು. ಇಲ್ಲಿ 1872ರ ಕರಾರು ಕಾಯ್ದೆ, ಟ್ರೇಡ್‌ಮಾರ್ಕ್ ಕಾಯ್ದೆ, ತೆರಿಗೆ ನಿಯಮ ಎಲ್ಲಾ ಸೇರಿ ಕೆಲಸ ಮಾಡ್ತವೆ. ಬಾಕಿದ್ದೆಲ್ಲ ಅಗ್ರಿಮೆಂಟಲ್ಲಿ ಏನು ಬರ್ದಿದೀವೋ ಅದೇ. ಬರೀದೇ ಬಿಟ್ಟಿದ್ದು ಆಮೇಲೆ ಜಗಳ ಆಗುತ್ತೆ.

📌 ಹೆಸರು
ದೊಡ್ಡಪ್ಪನ ಬೋರ್ಡಲ್ಲಿ ಇರೋದು ಬರೀ 'ಬೆಣ್ಣೆ ದೋಸೆ ಹೋಟೆಲ್'. ಆದ್ರೆ ಮುಂದೆ ಒಂದು ಬೇವಿನ ಮರ ಇದೆ, ಜನ ಕರೆಯೋದು 'ಬೇವಿನಮರದ ದೋಸೆ' ಅಂತ. ದೋಸೆಗೂ ಬೇವಿಗೂ ಸಂಬಂಧವೇ ಇಲ್ಲ, ಅದಕ್ಕೇ ಅದು ಗಟ್ಟಿ ಹೆಸರು! ಹೋಟೆಲ್ ಸೇವೆ 43ನೇ ವರ್ಗಕ್ಕೆ ಬರುತ್ತೆ. ನೋಂದಣಿ ಆದ್ರೆ 10 ವರ್ಷ, ಆಮೇಲೆ ನವೀಕರಿಸ್ತಾ ಹೋಗಬಹುದು. ಕೊಡೋದಕ್ಕೆ ಮುಂಚೆ ಅದು ನಮ್ಮದು ಅಂತ ಕಾಗದದಲ್ಲಿ ಇರಬೇಕಲ್ವಾ?

📌 ಲಾಭದಲ್ಲಿ ಪಾಲು
ಲಾಭ ಅವರ ಲೆಕ್ಕದ ಪುಸ್ತಕದಲ್ಲಿರುತ್ತೆ. ಬಾಡಿಗೆ, ಸಂಬಳ, 'ಇತರೆ ಖರ್ಚು' ಎಲ್ಲಾ ಕಳೆದು ಏನೂ ಉಳೀಲಿಲ್ಲ ಅಂದ್ರೆ ನಮಗೆ ಸೊನ್ನೆ. ರಾಯಲ್ಟಿ ಒಟ್ಟು ಮಾರಾಟದ ಮೇಲೆ ಇರಬೇಕು, ಬಿಲ್ಲಿಂಗ್ ಲೆಕ್ಕ ನೋಡೋ ಹಕ್ಕೂ ಬೇಕು.

📌 ಹಿಟ್ಟಿನ ಗುಟ್ಟು
ಅಕ್ಕಿ, ಉದ್ದು, ಮಂಡಕ್ಕಿ ಹದ ಕಲಿತು ನಾಳೆ ಅವರೇ ಬೇರೆ ಬೋರ್ಡ್ ಹಾಕಿದ್ರೆ? ಕರಾರು ನಡೀತಿರುವಾಗ ತಡೀಬಹುದು. ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ ಕೋಲಾ ಕೇಸಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ಅಂಥ ಷರತ್ತನ್ನ ಒಪ್ಪಿದೆ. ಆದ್ರೆ ಕರಾರು ಮುಗಿದ ಮೇಲೂ 'ನೀವು ದೋಸೆ ವ್ಯಾಪಾರನೇ ಮಾಡ್ಬಾರ್ದು' ಅನ್ನೋದು ಸೆಕ್ಷನ್ 27ರ ಮುಂದೆ ಸಾಮಾನ್ಯವಾಗಿ ನಿಲ್ಲಲ್ಲ. ಹಾಗಾಗಿ ಗುಟ್ಟು ಕಾಪಾಡೋ ಷರತ್ತು, ಬೋರ್ಡ್ ಇಳಿಸೋ ಗಡುವು ಎರಡನ್ನೂ ಮೊದಲೇ ಬರೆಸ್ಕೋಬೇಕು.

📌 ಅಡುಗೆಮನೆ
ಪ್ರತಿ ಶಾಖೆಗೂ ಅದರದ್ದೇ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಬೇಕು. ಲೈಸೆನ್ಸ್ ಅವರದ್ದು, ಆದ್ರೆ ಅಲ್ಲಿ ತಿಂದು ಹೊಟ್ಟೆ ಕೆಟ್ರೆ ಜನ ಬೈಯೋದು ಬೇವಿನಮರಕ್ಕೆ. ಹೇಳದೇ ಹೋಗಿ ಅಡುಗೆಮನೆ ನೋಡೋ ಹಕ್ಕು, ಬೆಣ್ಣೆ ಬದಲು ಡಾಲ್ಡಾ ಹಾಕಿದ್ರೆ ಕರಾರು ರದ್ದು ಮಾಡೋ ಹಕ್ಕು, ಎರಡೂ ಬೇಕು.

ಇದೆಲ್ಲಾ ಓದಿ ಹೇಳಿದಾಗ ದೊಡ್ಡಪ್ಪ, "ನಂಬಿಕೆ ಇಲ್ದೇ ವ್ಯಾಪಾರ ಆಗುತ್ತೇನವ್ವಾ?" ಅಂದ್ರು. ನಾನಂದೆ, "ನಂಬಿಕೆ ಇರ್ಲಿ ದೊಡ್ಡಪ್ಪ. ಅವರು ಇನ್ನೊಬ್ಬರಿಗೆ ಅಂಗಡಿ ಮಾರಿಬಿಟ್ರೆ ನೀವು ನಂಬಿದ್ದು ಯಾರನ್ನ?" ಸ್ವಲ್ಪ ಹೊತ್ತು ಸುಮ್ಮನಿದ್ರು. ಕಾವಲಿ ಮುಂದೆ ನಿಂತೂ ನಿಂತೂ ಅವರ ಮಂಡಿ ಸವೆದಿದೆ, ಆ 5 ಲಕ್ಷ ಅವರಿಗೆ ನಿಜವಾಗ್ಲೂ ಬೇಕು. ಅದು ನನಗೂ ಗೊತ್ತು. ಅದಕ್ಕೇ 'ಬೇಡ' ಅನ್ಲಿಲ್ಲ. ಸದ್ಯಕ್ಕೆ ಸಹಿ ನಿಂತಿದೆ, ಟ್ರೇಡ್‌ಮಾರ್ಕ್ ಅರ್ಜಿಗೆ ವಕೀಲರನ್ನ ನೋಡಿ ಆಗಿದೆ.

ನಿಮ್ಮನೆ ಅಂಗಡಿಗೆ ಜನ ಇಟ್ಟಿರೋ ಹೆಸರೇನು? ಕಮೆಂಟಲ್ಲಿ ಬರೀರಿ. ಹೋಟೆಲ್, ಬೇಕರಿ ಇಟ್ಕೊಂಡಿರೋ ಫ್ರೆಂಡ್‌ಗೆ ಇದನ್ನ ಕಳಿಸಿ.

ಭಾಗ 7ರಲ್ಲಿ: ರಾಯಲ್ಟಿ ಮೇಲಿನ ಜಿಎಸ್‌ಟಿ ಯಾರು ಕಟ್ಟಬೇಕು?

#ಕನ್ನಡದಲ್ಲಿಕಾಮರ್ಸ್ #ಫ್ರಾಂಚೈಸಿ #ಬೆಣ್ಣೆದೋಸೆ #ದಾವಣಗೆರೆ