ಅಳಿಸುವ ಮೊದಲು

ಒಂದು ರೀಲಿಗೆ 36 ಫೋಟೊ. ಇಂದಿನ ಮಕ್ಕಳಿಗೆ ಇದು ಗಣಿತದ ಪುಸ್ತಕದ ಸಾಲಿನಂತೆ ಕೇಳೀತು. ನಮ್ಮ ಅಣ್ಣಿಗೇರಿ, ನವಲಗುಂದದ ಕಡೆ ಮದುವೆ ಫೋಟೊ ತೆಗೆಯುತ್ತಿದ್ದವರಿಗೆ ಅದು ಹೊಟ್ಟೆಪಾಡಿನ ಲೆಕ್ಕ. ಎರಡು ರೀಲೆಂದರೆ 72. ಅಕ್ಷತೆಗೆ ಇಷ್ಟು, ಬೀಗರಿಗೆ ಇಷ್ಟು, ಊಟದ ಪಂಕ್ತಿಗೆ ಎರಡೇ ಎರಡು. ಹೀಗಾಗಿ ಫೋಟೊಗ್ರಾಫರ್ ಕ್ಯಾಮೆರಾ ಎತ್ತುವ ಮೊದಲೇ ಕಣ್ಣಿನಿಂದ ಅರ್ಧ ಕೆಲಸ ಮುಗಿಸಿರುತ್ತಿದ್ದ. ಯಾರ ಸೆರಗು ಜಾರಿದೆ, ಯಾವ ಹುಡುಗ ಕುಣಿಯುತ್ತಿದ್ದಾನೆ ಎಲ್ಲ ನೋಡಿ, "ಅಲುಗಾಡಬ್ಯಾಡ್ರಿ, ಇಲ್ಲೆ ನೋಡ್ರಿ" ಎಂದು ಒಮ್ಮೆ ಒತ್ತುತ್ತಿದ್ದ. ಹೇಗೆ ಬಂದಿದೆ ಎಂಬುದು ಹುಬ್ಬಳ್ಳಿಯಲ್ಲಿ ರೀಲು ತೊಳೆಸುವವರೆಗೆ ಅವನಿಗೂ ಗೊತ್ತಿಲ್ಲ.

ನನ್ನ ಮೊಮ್ಮಗ ಒಂದೇ ಸಂಜೆ ನಮ್ಮೂರಿನ ಅಮೃತೇಶ್ವರ ಗುಡಿಯ ಮುನ್ನೂರು ಚಿತ್ರ ತೆಗೆದ. ಮೊದಲು ಒತ್ತುತ್ತಾನೆ, ಆಮೇಲೆ ನೋಡುತ್ತಾನೆ. ಅದೂ ಗುಡಿಯನ್ನಲ್ಲ, ಕ್ಯಾಮೆರಾದ ಬೆನ್ನನ್ನು! ಆದರೂ ಬೈಯಲಾರೆ. ಹನ್ನೊಂದನೆಯ ಶತಮಾನದ ಆ ಗುಡಿಯೊಳಗೆ ಹಗಲಲ್ಲೂ ಮಬ್ಬು. ಬಿಸಿಲಿಗೆಂದು 100 ನಂಬರಿನ ರೀಲು ತುಂಬಿದರೆ, ಅದು ಮುಗಿಯುವವರೆಗೆ ಬೆಳಕು ಹಿಡಿಯುವ ಚುರುಕು ಅಷ್ಟೇ. ಒಳಗೆ ಹೋದರೆ ಸ್ಟ್ಯಾಂಡ್ ಬೇಕು, ಇಲ್ಲವೇ ಫ್ಲ್ಯಾಶ್. ಡಿಜಿಟಲ್ ಕ್ಯಾಮೆರಾದಲ್ಲಿ ಆ ಚುರುಕನ್ನು ಒಂದೊಂದು ಚಿತ್ರಕ್ಕೂ ಬದಲಿಸಬಹುದು. ಕಂಬಗಳ ಮೇಲಿನ ತೆಳು ಹೊಳಪನ್ನು ಹುಡುಗ ಕೈಯಲ್ಲೇ ಹಿಡಿದು ತಂದ. ನಮ್ಮ ಕಾಲದ ಯಾವ ಆಲ್ಬಮ್ಮಿನಲ್ಲೂ ನಾನದನ್ನು ಕಂಡಿಲ್ಲ.

ಅಂದಹಾಗೆ, 1975ರಲ್ಲಿ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದ ಸ್ಟೀವನ್ ಸ್ಯಾಸನ್ ಕೆಲಸಕ್ಕಿದ್ದದ್ದು ಫಿಲ್ಮ್ ಮಾರುವ ಕೊಡ್ಯಾಕ್ ಕಂಪನಿಯಲ್ಲೇ. ಒಂದು ಕಪ್ಪು-ಬಿಳುಪು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು ಬೇಕಿತ್ತಂತೆ.

ನನ್ನ ತಕರಾರು ಇರುವುದು ಅಳಿಸುವ ಗುಂಡಿಯ ಮೇಲೆ. ನಮ್ಮ ಅವ್ವ ಕ್ಯಾಮೆರಾ ಕಂಡರೆ ಮುಖ ಬಿಗಿ ಹಿಡಿಯುವವಳು. ಕುಂದಗೋಳದ ಒಂದು ಮದುವೆಯಲ್ಲಿ ಯಾರೋ ಏನೋ ಅಂದರು, ಅವಳು ತಲೆ ಹೊರಳಿಸಿ ನಕ್ಕಳು, ಅದೇ ಹೊತ್ತಿಗೆ ಫೋಟೊಗ್ರಾಫರ್ ಒತ್ತಿಬಿಟ್ಟ. ಕಣ್ಣು ಮುಚ್ಚಿವೆ, ಮುಖ ಕೊಂಚ ಕದಡಿದೆ. ರೀಲಿಗೆ ದುಡ್ಡು ಬಿದ್ದಿತ್ತಲ್ಲ, ಕೆಟ್ಟದ್ದನ್ನೂ ಪ್ರಿಂಟು ಹಾಕಿಸಿ ಕೊಟ್ಟ. ಅವ್ವ ನಗುವ ಚಿತ್ರ ಮನೆಯಲ್ಲಿ ಅದೊಂದೇ. ಇಂದಾಗಿದ್ದರೆ ಅಕ್ಷತೆ ಮುಗಿಯುವ ಮೊದಲೇ ಅಳಿಸಿಹೋಗುತ್ತಿತ್ತು, ಅಳಿಸಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ.

ಅದನ್ನು ತೋರಿಸಿದ ಮೇಲೆ ಮೊಮ್ಮಗ ಅಳಿಸುವ ಮೊದಲು ಕ್ಯಾಮೆರಾ ನನ್ನ ಕೈಗೆ ಕೊಡುತ್ತಾನೆ. ಅವನಿಗೆ ಬೇಡವಾದವುಗಳಲ್ಲಿ ನಾಲ್ಕೈದನ್ನು ನಾನು ಉಳಿಸುತ್ತೇನೆ. ಮೊನ್ನೆ ಉಳಿಸಿದ್ದರಲ್ಲಿ ಅವನ ತಂಗಿ ಗುಡಿಯ ಬಾಗಿಲಲ್ಲಿ ಬಾಯಿ ಅಗಲಿಸಿ ಆಕಳಿಸುತ್ತಿದ್ದಾಳೆ.