ಅಬ್ಬಾ ಮುಚ್ಚಿಟ್ಟ ಮಾತು

ಈ ಲೇಖನವನ್ನು ಅಬ್ಬಾ ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಮೊದಲು ಕೇಳಿದಾಗ ಅವರು ನಕ್ಕು, "ಇಂಥಾದ್ದನ್ನೆಲ್ಲ ಯಾರಾದರೂ ಕಾಲೇಜಿನ ಪತ್ರಿಕೆಗೆ ಬರೀತಾರೇನು?" ಎಂದರು. ಎರಡು ದಿನ ಬಿಟ್ಟು ಅವರೇ ಕರೆದು, "ಬರಿ ಬೇಟಾ. ನನ್ನ ಹಾಗೆ ಸುಮ್ಮನೆ ಕೂತವರು ಇನ್ನೂ ಎಷ್ಟು ಜನ ಇದ್ದಾರೋ" ಎಂದರು. ಹಾಗಾಗಿ ಬರೆಯುತ್ತಿದ್ದೇನೆ.

ನಾವು ಹರಿಹರದವರು. ಅಬ್ಬಾ ಅವರದ್ದು ಒಂದು ಗೂಡ್ಸ್ ಆಟೋ. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟು 14 ಕಿಲೋಮೀಟರ್ ದೂರದ ದಾವಣಗೆರೆಗೆ ಬರುತ್ತಾರೆ. ಮಂಡಕ್ಕಿ ಭಟ್ಟಿಗಳಲ್ಲಿ ಚೀಲ ತುಂಬಿಸಿಕೊಂಡು ಹರಿಹರ, ರಾಣೆಬೆನ್ನೂರು ಕಡೆಯ ಅಂಗಡಿಗಳಿಗೆ ಹಾಕುತ್ತಾರೆ. ಇಡೀ ದಿನ ಸೀಟಿನ ಮೇಲೆಯೇ. ಬೆಳಿಗ್ಗೆ ಚಹಾ ಮತ್ತು ಬನ್ನು, ಹತ್ತು ಗಂಟೆಗೆ ಬೆಣ್ಣೆ ದೋಸೆ, ಮಧ್ಯಾಹ್ನ ಹೋಟೆಲಿನ ಅನ್ನ, ಸಂಜೆ ಮಂಡಕ್ಕಿ ಮಿರ್ಚಿ. ನಡುವೆ ಆರೇಳು ಚಹಾ, ಜೇಬಿನಲ್ಲಿ ಬೀಡಿ ಕಟ್ಟು. ನೀರು ಮಾತ್ರ ಕುಡಿಯುತ್ತಿರಲಿಲ್ಲ. "ನೀರು ಕುಡಿದರೆ ಗಾಡಿ ನಿಲ್ಲಿಸಬೇಕು, ನಿಲ್ಲಿಸೋಕೆ ಜಾಗ ಎಲ್ಲಿದೆ?" ಎನ್ನುತ್ತಿದ್ದರು. ಬೆಳಿಗ್ಗೆ ಮನೆಯಲ್ಲೂ ಅವಸರವೇ. ಚಾಚಾ ಅವರ ಸಂಸಾರವೂ ಸೇರಿ ಒಂಬತ್ತು ಜನಕ್ಕೆ ಒಂದೇ ಶೌಚಾಲಯ. ಮಲಬದ್ಧತೆ ಅವರಿಗೆ ಎಷ್ಟು ವರ್ಷಗಳಿಂದ ಇತ್ತು ಎಂದು ಅವರಿಗೇ ನೆನಪಿಲ್ಲ.

ನಾನು ಪ್ರಥಮ ಪಿಯುಸಿಯಲ್ಲಿದ್ದಾಗ, ಮಳೆಗಾಲದಲ್ಲಿ ಅಮ್ಮಿ ಒಂದು ವಾರ ನಾನಿಯ ಮನೆಗೆ ಹೋಗಿದ್ದರು. ಬಟ್ಟೆ ಒಗೆಯುವ ಕೆಲಸ ನನ್ನ ಪಾಲಿಗೆ ಬಂತು. ಅಬ್ಬಾ ಅವರ ಪೈಜಾಮವೊಂದು ಬೇರೆಯಾಗಿ, ಸಣ್ಣ ಬಕೆಟ್ಟಿನಲ್ಲಿ ನೆನೆಸಿಟ್ಟಿತ್ತು. ನೀರು ತಿಳಿ ಕೆಂಪಾಗಿತ್ತು. ಸಂಜೆ ಕೇಳಿದೆ. ಅವರು ನನ್ನ ಮುಖ ನೋಡಲಿಲ್ಲ. "ಮೂಲವ್ಯಾಧಿ ಅಷ್ಟೆ. ಡ್ರೈವರ್‌ಗಳಿಗೆಲ್ಲ ಇರೋದೇ" ಎಂದರು. ಏಳು ತಿಂಗಳಿಂದ ಹಾಗೆ ರಕ್ತ ಹೋಗುತ್ತಿತ್ತಂತೆ. ಯಾವುದೋ ಅಂಗಡಿಯಲ್ಲಿ ಕೊಟ್ಟ ಪುಡಿ ತೆಗೆದುಕೊಳ್ಳುತ್ತಿದ್ದರಂತೆ. "ಅಮ್ಮಿಗೆ ಹೇಳಬೇಡ" ಎಂದರು. ನಾನೂ "ಆಯ್ತು" ಎಂದುಬಿಟ್ಟೆ. ಅದು ನನ್ನ ಮೊದಲನೇ ತಪ್ಪು.

ಎರಡನೇ ತಪ್ಪು ಇನ್ನೂ ದೊಡ್ಡದು. ವಿಜ್ಞಾನ ಓದುವವಳು ತಾನೇ, ನಾನೇ ಗುಣಪಡಿಸುತ್ತೇನೆ ಎಂದುಕೊಂಡೆ. ಮೊಬೈಲಿನಲ್ಲಿ 'ಕರುಳು ಶುದ್ಧಿ'ಯ ವಿಡಿಯೋಗಳನ್ನು ನೋಡಿದೆ. ಬೆಳಿಗ್ಗೆ ಹಾಗಲಕಾಯಿ ರಸ, ರಾತ್ರಿ ಒಂದು ಲೋಟ ಇಸಬ್‌ಗೋಲ್, ಊಟಕ್ಕೆ ಹಸಿ ತರಕಾರಿ ಎಂದು ಚೀಟಿ ಬರೆದು ಗೋಡೆಗೆ ಅಂಟಿಸಿದೆ. ಅಬ್ಬಾ ಮರುಮಾತಿಲ್ಲದೆ ಒಪ್ಪಿದರು. ನನ್ನ ಮೇಲಿನ ನಂಬಿಕೆಯಿಂದ ಎಂದು ನಾನು ಹಿಗ್ಗಿದೆ. ಆಸ್ಪತ್ರೆಗೆ ಹೋಗುವುದು ತಪ್ಪಿತು ಎಂಬ ಸಮಾಧಾನದಿಂದ ಒಪ್ಪಿದ್ದರು ಎಂದು ಈಗ ಗೊತ್ತಾಗಿದೆ. ಒಮ್ಮೆಗೇ ಅಷ್ಟು ನಾರು ಹೊಟ್ಟೆಗೆ ಬಿದ್ದು ಮೊದಲ ವಾರವೆಲ್ಲ ಹೊಟ್ಟೆ ಉಬ್ಬರ. ಮೂರನೇ ವಾರಕ್ಕೆ ಮಲಬದ್ಧತೆ ನಿಜವಾಗಿಯೂ ಕಡಿಮೆಯಾಯಿತು. ಆದರೆ ರಕ್ತ ನಿಲ್ಲಲಿಲ್ಲ.

ಅಲ್ಲಿಗೇ ನನಗೆ ಅರ್ಥವಾಗಬೇಕಿತ್ತು. ಗಟ್ಟಿ ಮಲದಿಂದಲೇ ರಕ್ತ ಬರುತ್ತಿದ್ದರೆ ಮಲ ಮೆತ್ತಗಾದ ಮೇಲೆ ನಿಲ್ಲಬೇಕಿತ್ತು. ನಿಲ್ಲಲಿಲ್ಲವೆಂದರೆ ಕಾರಣ ಬೇರೆ ಇದೆ ಎಂದರ್ಥ. ನಾನು ಇನ್ನೂ ಒಂದು ವಾರ ನೋಡೋಣ ಎಂದುಕೊಂಡೆ. ಆ ವಾರವೇ ಅಬ್ಬಾ ಚೀಲ ಇಳಿಸುವಾಗ ತಲೆ ಸುತ್ತಿ ಕುಳಿತುಬಿಟ್ಟರು. ದಾವಣಗೆರೆಯ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಗಂಡಸರಿಗೆ ಕನಿಷ್ಠ 13 ಇರಬೇಕಾದ ಹಿಮೋಗ್ಲೋಬಿನ್ 9.4 ಇತ್ತು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಮಲದಲ್ಲಿ ರಕ್ತ ಹೋಗುತ್ತಾ?" ಅಬ್ಬಾ ಸುಮ್ಮನಿದ್ದರು. ನಾನು ಹೇಳಿದೆ. ಪಕ್ಕದಲ್ಲಿದ್ದ ಅಮ್ಮಿ ನಮ್ಮಿಬ್ಬರನ್ನೂ ನೋಡಿದ ನೋಟ ಇವತ್ತಿಗೂ ಮರೆತಿಲ್ಲ.

ಕೊಲೊನೋಸ್ಕೋಪಿ ಮಾಡಬೇಕು ಎಂದರು. ತುದಿಯಲ್ಲಿ ಕ್ಯಾಮೆರಾ ಇರುವ ಮೆತ್ತನೆಯ ಕೊಳವೆಯನ್ನು ಗುದದ್ವಾರದಿಂದ ಒಳಗೆ ಬಿಟ್ಟು, ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳನ್ನು ಪೂರ್ತಿ ನೋಡುವ ಪರೀಕ್ಷೆ ಅದು. ಹೆಸರು ಕೇಳಿಯೇ ಅಬ್ಬಾ ಎದ್ದು ನಿಂತರು. ದಾದಿ ಕೂರಿಸಿದರು. "ನಾಚಿಕೆ ಮಾಡಿಕೊಂಡು ಮಕ್ಕಳನ್ನು ಬೀದಿಗೆ ಹಾಕ್ತೀಯಾ?" ಎಂದು ಎಲ್ಲರ ಎದುರಿಗೇ ಕೇಳಿದರು. ಅಷ್ಟೇ ಸಾಕಾಯಿತು.

ಪರೀಕ್ಷೆಗಿಂತ ಕಷ್ಟ ಅದರ ಹಿಂದಿನ ದಿನ. ಗಟ್ಟಿ ಆಹಾರ ಇಲ್ಲ. ತಿಳಿ ಗಂಜಿನೀರು, ಎಳನೀರು ಅಷ್ಟೆ. ಸಂಜೆಯಿಂದ ಎರಡು ಲೀಟರ್ ನೀರಿಗೆ ಕಲಸಿದ ಭೇದಿಯ ಪುಡಿಯನ್ನು ಲೋಟ ಲೋಟವಾಗಿ ಕುಡಿಯಬೇಕು. ಕರುಳು ಖಾಲಿಯಾಗಿ ಹೊರಗೆ ಬರುವುದು ಬರೀ ನೀರಾಗಬೇಕು. ಆ ರಾತ್ರಿ ಒಂಬತ್ತು ಜನರ ಮನೆಯ ಒಂದೇ ಶೌಚಾಲಯವನ್ನು ಅಬ್ಬಾ ಅವರಿಗೆ ಬಿಟ್ಟುಕೊಟ್ಟು ನಾವೆಲ್ಲ ಪಕ್ಕದ ಮನೆಯವರನ್ನು ಆಶ್ರಯಿಸಿದೆವು. ಚಾಚಾ ಅವರ ಚಿಕ್ಕ ಮಗ ಬಾಗಿಲ ಬಳಿ ಕುಳಿತು, "ಬಡೇ ಅಬ್ಬಾ ಹನ್ನೊಂದನೇ ಸಲ" ಎಂದು ಎಣಿಸುತ್ತಿದ್ದ. ಎಷ್ಟೋ ದಿನಗಳ ಮೇಲೆ ಮನೆಯವರೆಲ್ಲ ನಕ್ಕಿದ್ದು ಅವತ್ತೇ.

ಮಂಪರು ಬರುವ ಇಂಜೆಕ್ಷನ್ ಕೊಟ್ಟು ಪರೀಕ್ಷೆ ಮಾಡಿದರು. ನೋವಾಯಿತೇ ಎಂದು ಕೇಳಿದರೆ ಅಬ್ಬಾ, "ಯಾವಾಗ ಮಾಡಿದರು?" ಎಂದು ನಮ್ಮನ್ನೇ ಕೇಳಿದರು. ಎರಡು ಪಾಲಿಪ್ ಸಿಕ್ಕಿದ್ದವು. ಪಾಲಿಪ್ ಎಂದರೆ ಕರುಳಿನ ಒಳಗೋಡೆಯಲ್ಲಿ ಅಣಬೆಯ ಹಾಗೆ ಬೆಳೆಯುವ ಗಂಟು. ಒಂದು ಆರು ಮಿಲಿಮೀಟರ್. ಇನ್ನೊಂದು ಒಂದೂವರೆ ಸೆಂಟಿಮೀಟರ್, ರಕ್ತ ಸುರಿಸುತ್ತಿದ್ದದ್ದು ಅದೇ. ಎರಡನ್ನೂ ಅದೇ ಕೊಳವೆಯ ಮೂಲಕ ಬಿಟ್ಟ ತಂತಿಯ ಕುಣಿಕೆಯಿಂದ ಕತ್ತರಿಸಿ ತೆಗೆದು ಬಯಾಪ್ಸಿಗೆ ಕಳಿಸಿದರು. ಮೂಲವ್ಯಾಧಿಯ ರಕ್ತಕ್ಕೂ ಪಾಲಿಪ್‌ನ ರಕ್ತಕ್ಕೂ ಮೇಲೆ ಚೀಟಿ ಅಂಟಿಸಿರುವುದಿಲ್ಲ, ಒಳಗೆ ನೋಡದೆ ಯಾರೂ ಹೇಳಲಾರರು ಎಂದರು ಡಾಕ್ಟರು.

ವರದಿ ಬರಲು ಏಳು ದಿನ. ಈ ವರ್ಷ ಜೀವಶಾಸ್ತ್ರದಲ್ಲಿ 'ಮಾನವನ ಆರೋಗ್ಯ ಮತ್ತು ರೋಗಗಳು' ಪಾಠ ಬಂದಾಗ ಬಿನೈನ್ ಮತ್ತು ಮ್ಯಾಲಿಗ್ನೆಂಟ್ ಗಡ್ಡೆಗಳ ವ್ಯತ್ಯಾಸವನ್ನು ಎರಡು ಅಂಕದ ಪ್ರಶ್ನೆ ಎಂದು ಗುರುತು ಹಾಕಿಕೊಂಡೆವಲ್ಲ, ಆ ಏಳು ದಿನ ನಮ್ಮ ಮನೆಯಲ್ಲಿ ಇದ್ದದ್ದು ಅದೊಂದೇ ಪ್ರಶ್ನೆ. ಒಂದು ಗಡ್ಡೆ ಹುಟ್ಟಿದ ಜಾಗದಲ್ಲೇ ಇರುತ್ತದೆ, ಇನ್ನೊಂದು ಪಕ್ಕದ ಅಂಗಾಂಶಗಳಿಗೆ ನುಗ್ಗಿ ದೇಹವೆಲ್ಲ ಹರಡುತ್ತದೆ. ಅಮ್ಮಿ ಜಾನಮಾಜ್ ಬಿಟ್ಟು ಏಳುತ್ತಿರಲಿಲ್ಲ. ನಾನು ಗೋಡೆಯ ಚೀಟಿಯನ್ನು ಕಿತ್ತು ಹಾಕಿದೆ.

ವರದಿಯಲ್ಲಿ 'ಅಡಿನೋಮಾ' ಎಂದಿತ್ತು. ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟಿದ್ದರೆ ಮುಂದೆ ಆಗಬಹುದಾಗಿದ್ದ ಬಗೆಯದು. ಎಲ್ಲ ಪಾಲಿಪ್‌ಗಳೂ ಕ್ಯಾನ್ಸರ್ ಆಗುವುದಿಲ್ಲ. ಆದರೆ ದೊಡ್ಡ ಕರುಳಿನ ಕ್ಯಾನ್ಸರ್ ಬಹುಪಾಲು ಇಂಥ ಪಾಲಿಪ್‌ನಿಂದಲೇ ಶುರುವಾಗುತ್ತದೆ. ಅದಕ್ಕೆ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ಹಿಡಿಯುತ್ತದೆ. ಅಂದರೆ ತಡೆಯಲು ಅಷ್ಟು ವರ್ಷಗಳ ಅವಕಾಶ ಇರುತ್ತದೆ. 'ಬ್ಲ್ಯಾಕ್ ಪ್ಯಾಂಥರ್' ಸಿನಿಮಾದ ನಾಯಕ ಚಾಡ್ವಿಕ್ ಬೋಸ್‌ಮನ್ 2020ರಲ್ಲಿ ತೀರಿಕೊಂಡದ್ದು ಇದೇ ಕ್ಯಾನ್ಸರ್‌ನಿಂದ. ಅವರಿಗೆ ಆಗ 43 ವರ್ಷ. ಇದು ಮುದುಕರ ಕಾಯಿಲೆ ಮಾತ್ರ ಎಂದುಕೊಳ್ಳುವಂತಿಲ್ಲ.

"ಇನ್ನು ಊಟ ಸರಿಮಾಡಿಕೊಂಡರೆ ಮತ್ತೆ ಬರೋದಿಲ್ಲ ಅಲ್ವಾ ಡಾಕ್ಟ್ರೇ?" ಎಂದು ಅಮ್ಮಿ ಕೇಳಿದರು. ಡಾಕ್ಟರು ಹೌದು ಎನ್ನಲಿಲ್ಲ. ಊಟದಿಂದ ಕರುಳಿನ ಆರೋಗ್ಯ ಸುಧಾರಿಸುತ್ತದೆ, ಮುಂದಿನ ಅಪಾಯ ಕಡಿಮೆಯಾಗಬಹುದು, ಆದರೆ ಮೂರು ವರ್ಷಕ್ಕೆ ಮತ್ತೆ ಪರೀಕ್ಷೆ ಮಾಡಿಸಲೇಬೇಕು ಎಂದರು. ಆಮೇಲೆ ನಮ್ಮ ಉಪನ್ಯಾಸಕರೊಬ್ಬರು ಇನ್ನೊಂದು ವಿಷಯ ತಿಳಿಸಿದರು. ಅಮೆರಿಕದಲ್ಲಿ ಪಾಲಿಪ್ ತೆಗೆಸಿಕೊಂಡ ಸುಮಾರು 2,000 ಜನರಲ್ಲಿ ಅರ್ಧದಷ್ಟು ಮಂದಿಗೆ ಕೊಬ್ಬು ಕಡಿಮೆ, ನಾರು ಹೆಚ್ಚು ಇರುವ ಊಟ ಕೊಟ್ಟು ನಾಲ್ಕು ವರ್ಷ ನೋಡಿದರಂತೆ. 2000ನೇ ಇಸವಿಯಲ್ಲಿ ಫಲಿತಾಂಶ ಪ್ರಕಟವಾದಾಗ ಎರಡೂ ಗುಂಪುಗಳಲ್ಲಿ ಪಾಲಿಪ್ ಮತ್ತೆ ಬಂದ ಪ್ರಮಾಣ ಹೆಚ್ಚು ಕಡಿಮೆ ಒಂದೇ ಇತ್ತಂತೆ. ಊಟದಿಂದ ಪ್ರಯೋಜನವಿಲ್ಲ ಎಂದು ಇದರ ಅರ್ಥವಲ್ಲ. ಊಟ ಮಾಡುವ ಕೆಲಸ ಊಟಕ್ಕೆ, ಪರೀಕ್ಷೆ ಮಾಡುವ ಕೆಲಸ ಪರೀಕ್ಷೆಗೆ. ನಾನು ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟಿದ್ದೆ.

ಈಗ ನಮ್ಮ ಮನೆಯ ಅಡುಗೆಯ ವಿಷಯ. ಡಾಕ್ಟರು ಹೊಸ ಪದಾರ್ಥ ಏನನ್ನೂ ಬರೆದುಕೊಡಲಿಲ್ಲ. ದಾದಿಯ ಕಾಲದ ಊಟವನ್ನೇ ತಿರುಗಿ ತರಿಸಿದರು. ನಮ್ಮ ದಾದಾ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿದ್ದವರು. ಜೋಳದ ರೊಟ್ಟಿ, ಪಲ್ಯದ ಡಬ್ಬಿ ಕಟ್ಟಿಕೊಂಡು ಸೈಕಲ್ ತುಳಿದು ಕೆಲಸಕ್ಕೆ ಹೋಗುತ್ತಿದ್ದರಂತೆ. ಒಂದೇ ತಲೆಮಾರಿನಲ್ಲಿ ರೊಟ್ಟಿ ಹೋಗಿ ಬಿಳಿ ಅನ್ನ, ಮೈದಾ ಬಂತು. ಸೈಕಲ್ ಹೋಗಿ ಸೀಟು ಬಂತು. 100 ಗ್ರಾಂ ಬಿಳಿ ಅಕ್ಕಿಯಲ್ಲಿ ನಾರಿನಂಶ ಮೂರು ಗ್ರಾಂಗಿಂತ ಕಡಿಮೆ. ಅಷ್ಟೇ ಜೋಳದಲ್ಲಿ ಸುಮಾರು 10 ಗ್ರಾಂ, ರಾಗಿಯಲ್ಲಿ 11 ಗ್ರಾಂ. ದೊಡ್ಡವರಿಗೆ ದಿನಕ್ಕೆ ಸುಮಾರು 30 ಗ್ರಾಂ ನಾರು ಬೇಕು. ಅಬ್ಬಾ ಅವರ ಹಳೆಯ ದಿನಚರಿಯನ್ನು ಲೆಕ್ಕ ಹಾಕಿ ನೋಡಿದೆ, ಅದರ ಅರ್ಧವೂ ಆಗುತ್ತಿರಲಿಲ್ಲ. ನಮ್ಮೂರ ಮಂಡಕ್ಕಿಯೂ ಅಕ್ಕಿಯದ್ದೇ ತಾನೇ.

ಈ ಸಲ ಒಮ್ಮೆಗೇ ಬದಲಿಸಲಿಲ್ಲ. ಮೊದಲ ವಾರ ರಾತ್ರಿ ಎರಡು ಜೋಳದ ರೊಟ್ಟಿ ಮಾತ್ರ. ಆಮೇಲೆ ದಿನಕ್ಕೊಂದು ಸೊಪ್ಪು: ಮೆಂತ್ಯ, ಹರಿವೆ, ಸಬ್ಬಸಿಗೆ. ಆಮೇಲೆ ಹೆಸರುಕಾಳು, ಮಡಕೆಕಾಳು. ಬನ್ನಿನ ಬದಲು ಪಪ್ಪಾಯಿ ಅಥವಾ ಪೇರಲ ಹಣ್ಣು. ಆಟೋದಲ್ಲಿ ಎರಡು ದೊಡ್ಡ ನೀರಿನ ಬಾಟಲಿ. ನೀರಿಲ್ಲದೆ ನಾರು ತಿಂದರೆ ಮಲಬದ್ಧತೆ ಹೆಚ್ಚಾಗಬಹುದು, ಆದ್ದರಿಂದ ಎರಡೂ ಜೊತೆಗಿರಬೇಕು. ನೀರು ಕುಡಿದರೆ ಗಾಡಿ ನಿಲ್ಲಿಸಬೇಕಲ್ಲ, ಅದಕ್ಕೆ ಅಬ್ಬಾ ದಾರಿಯ ಎರಡು ಪೆಟ್ರೋಲ್ ಬಂಕ್ ಗೊತ್ತು ಮಾಡಿಕೊಂಡಿದ್ದಾರೆ. ಬೆಳಿಗ್ಗೆ ಐದರಿಂದ ಐದೂಕಾಲು ಶೌಚಾಲಯ ಅವರದ್ದು ಎಂದು ಮನೆಯಲ್ಲಿ ಕಾನೂನು ಆಗಿದೆ. ರಾತ್ರಿ ಊಟದ ಮೇಲೆ ಅಮ್ಮಿಯ ಜೊತೆ ಅರ್ಧ ಗಂಟೆ ನಡೆಯುತ್ತಾರೆ. ಬೀಡಿ ಬಿಡುವುದು ಎಲ್ಲಕ್ಕಿಂತ ಕಷ್ಟವಾಯಿತು. ಎರಡು ಸಲ ಬಿಟ್ಟು ಎರಡು ಸಲ ಹಿಡಿದರು. ಈಗ ಐದು ತಿಂಗಳಾಯಿತು.

ಮಾಂಸದ ವಿಷಯದಲ್ಲಿ ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2015ರಲ್ಲಿ, ಸಾಸೇಜ್‌ನಂಥ ಸಂಸ್ಕರಿಸಿದ ಮಾಂಸ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಕಾರಣ ಎಂದೂ, ಕುರಿ, ದನದಂಥ ಕೆಂಪು ಮಾಂಸ ಬಹುಶಃ ಕಾರಣವೆಂದೂ ಹೇಳಿದೆ. ನಾವು ಪೂರ್ತಿ ಬಿಟ್ಟಿಲ್ಲ. ವಾರಕ್ಕೆ ಒಂದು ಸಲ, ಸ್ವಲ್ಪ. ದಾಲ್ಚಾದಲ್ಲಿ ಸೋರೆಕಾಯಿ ಹೆಚ್ಚು, ಗೋಷ್ತ್ ಕಡಿಮೆ. ಖೀಮಾಕ್ಕೆ ಅರ್ಧದಷ್ಟು ಮೆಂತ್ಯ ಸೊಪ್ಪು. ರಮಜಾನ್‌ನಲ್ಲಿ ಭಯವಿತ್ತು, ಉಪವಾಸದಲ್ಲಿ ಮಲಬದ್ಧತೆ ಸುಲಭವಾಗಿ ಮರಳುತ್ತದೆ. ಡಾಕ್ಟರನ್ನು ಕೇಳಿಯೇ ರೋಜಾ ಇಟ್ಟರು. ಸಹರಿಗೆ ರೊಟ್ಟಿ, ಕಾಳು, ಮೊಸರು. ಇಫ್ತಾರ್‌ಗೆ ಖರ್ಜೂರ, ನೀರು, ಹಣ್ಣು ಮೊದಲು. ಸಮೋಸ ಶುಕ್ರವಾರ ಮಾತ್ರ. ಹೊಟ್ಟೆಯ ಮೂರರಲ್ಲಿ ಒಂದು ಪಾಲು ಮಾತ್ರ ಊಟಕ್ಕೆ ಎಂದು ಚಿಕ್ಕಂದಿನಿಂದ ಕೇಳುತ್ತಲೇ ಇದ್ದೆವು. ಪಾಲಿಸಿದ್ದು ಈ ವರ್ಷವೇ ಎಂದು ದಾದಿ ನಗುತ್ತಾರೆ.

ಅಬ್ಬಾ ಅವರ ಹಿಮೋಗ್ಲೋಬಿನ್ ಈಗ 13.2. ಬೆಣ್ಣೆ ದೋಸೆ ತಿಂಗಳಿಗೊಮ್ಮೆ ಉಂಟು. ಅದನ್ನೂ ಬಿಡಿ ಎಂದರೆ ದಾವಣಗೆರೆಗೆ ಹೋಗಿ ಏನು ಪ್ರಯೋಜನ ಎನ್ನುತ್ತಾರೆ.

ಸ್ನೇಹಿತರೇ, ನಾನು ಕಲಿತ ನಾಲ್ಕು ಮಾತು:

1. ಮಲದಲ್ಲಿ ರಕ್ತ ಕಂಡರೆ, ಮಲವಿಸರ್ಜನೆಯ ಅಭ್ಯಾಸ ಕೆಲವು ವಾರ ಬದಲಾದರೆ, ಕಾರಣವಿಲ್ಲದೆ ತೂಕ ಇಳಿದರೆ ಅಥವಾ ಸುಸ್ತಾದರೆ ಡಾಕ್ಟರಿಗೆ ತೋರಿಸಿ. ಮೂಲವ್ಯಾಧಿ ಎಂದು ನೀವೇ ತೀರ್ಮಾನ ಮಾಡಬೇಡಿ.

2. ಜೋಳ, ರಾಗಿ, ಕಾಳು, ಸೊಪ್ಪು, ಹಣ್ಣು ನಿಧಾನವಾಗಿ ಹೆಚ್ಚಿಸಿ, ನೀರಿನ ಜೊತೆ. ಕಾಲೇಜಿನಲ್ಲಿ ಶೌಚಕ್ಕೆ ಹೋಗಬೇಕಾಗುತ್ತದೆ ಎಂದು ನೀರು ಕುಡಿಯದೇ ಇರುವ ಹುಡುಗಿಯರಿಗೂ ಈ ಮಾತು.

3. ಯಾವ ರಸವೂ, ಯಾವ ಪುಡಿಯೂ ಪಾಲಿಪ್ ಕರಗಿಸುವುದಿಲ್ಲ. ಅದನ್ನು ತೆಗೆಯಬೇಕು.

4. ಮನೆಯಲ್ಲಿ ಒಬ್ಬರಿಗೆ ಬಂದಿದ್ದರೆ ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳು ಅದನ್ನು ತಿಳಿದಿರಬೇಕು. ನನಗೆ 40 ವರ್ಷ ಆದಾಗ ನಾನೂ ಪರೀಕ್ಷೆ ಮಾಡಿಸಬೇಕು ಎಂದು ಡಾಕ್ಟರು ಹೇಳಿದ್ದಾರೆ.

ಚಾಚಾ ಅವರಿಗೆ ಈಗ 42. "ಸೀಸನ್ ಮುಗೀಲಿ, ಮಾಡಿಸ್ತೀನಿ" ಎನ್ನುತ್ತಾ ಮೂರು ಸೀಸನ್ ಮುಗಿದವು. ನಾವು ಬಿಟ್ಟಿಲ್ಲ, ದಿನವೂ ಕೇಳುತ್ತಿದ್ದೇವೆ. ಇನ್ ಶಾ ಅಲ್ಲಾಹ್, ಒಪ್ಪುತ್ತಾರೆ.

ಹೋದ ವಾರ ರಾತ್ರಿ ಒಂಬತ್ತು ಗಂಟೆಗೆ ಅಬ್ಬಾ ಅವರ ಆಟೋ ಸ್ಟ್ಯಾಂಡಿನ ಒಬ್ಬರು ಮನೆಗೆ ಬಂದರು. ಜಗುಲಿಯಲ್ಲಿ ಕುಳಿತು ಡೀಸೆಲ್ ರೇಟು, ಮಳೆ ಎಂದು ಏನೇನೋ ಮಾತಾಡಿದರು. ಆಮೇಲೆ ದನಿ ತಗ್ಗಿಸಿ, "ಭಾಯ್, ನಿಮಗೆ ಮೊದಲು ಹೇಗೆ ಶುರುವಾಯ್ತು?" ಎಂದು ಕೇಳಿದರು. ಅಲ್ಲೇ ಓದುತ್ತಾ ಕುಳಿತಿದ್ದ ನಾನು ಪುಸ್ತಕ ಮುಚ್ಚಿಕೊಂಡು ಒಳಗೆ ಎದ್ದುಹೋದೆ. ಅಬ್ಬಾ ಹೇಳಲು ಶುರು ಮಾಡಿದ್ದು ಒಳಗೆ ಕೇಳಿಸುತ್ತಿತ್ತು. ಅವರು ದನಿ ತಗ್ಗಿಸಿರಲಿಲ್ಲ.

— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಿಜ್ಞಾನ ವಿಭಾಗ