ಅತ್ತೆಯವರು ಸುಮ್ಮನೆ ಕೂತ ದಿನ

ಪ್ರವಾಸ ಎಂದರೆ ನಮ್ಮ ಮನೆಯಲ್ಲಿ ಹೆಂಗಸರಿಗೆ ಎರಡು ದಿನ ಮೊದಲೇ ಶುರುವಾಗುವ ಕೆಲಸ. ನಿಮ್ಮಲ್ಲೂ ಹಾಗೆಯೇ ಅಲ್ಲವೇ? ಗಂಡಸರು ಗಾಡಿಯ ಗಾಲಿಗೆ ಗಾಳಿ ತುಂಬಿಸಿ ಪೆಟ್ರೋಲು ಹಾಕಿಸಿದರೆ ಅವರ ತಯಾರಿ ಮುಗಿಯಿತು. ದಶಮಿ ಬಡಿಯುವುದು, ಚಟ್ನಿ ಕುಟ್ಟುವುದು, ಬುತ್ತಿ ಕಟ್ಟುವುದು, ಮಕ್ಕಳ ಬಟ್ಟೆ, ಅತ್ತೆಯವರ ಗುಳಿಗೆ, ಹಾಸಲು ಜಮಖಾನೆ, ಇವೆಲ್ಲ ನಮ್ಮ ಪಾಲು. ಹೋದ ಮೇಲಾದರೂ ಕೂಡುತ್ತೇವೆಯೇ? ಅದೂ ಇಲ್ಲ. ನಮ್ಮವರ ಕಿಸೆಯಲ್ಲಿ ಯಾವಾಗಲೂ ಒಂದು ಚೀಟಿ ಇರುತ್ತದೆ. ಬೆಳಿಗ್ಗೆ ಗೋಕಾಕ ಫಾಲ್ಸ್, ಅಲ್ಲಿಂದ ಗೊಡಚಿನಮಲ್ಕಿ, ಮಧ್ಯಾಹ್ನ ಹಿಡಕಲ್ ಡ್ಯಾಮ್, ಸಂಜೆ ಹುಕ್ಕೇರಿ, ರಾತ್ರಿ ಮನೆ. "ಇಳೀರಿ, ನೋಡ್ರಿ, ಏರ್‍ರಿ" ಎನ್ನುವುದರಲ್ಲೇ ದಿನ ಕಳೆದುಹೋಗುತ್ತದೆ.

ಈ ಸಲದ ಬೇಸಿಗೆ ರಜೆಯಲ್ಲಿ ಆ ಚೀಟಿಯನ್ನು ಹರಿದು ಹಾಕಿದವಳು ನನ್ನ ಮಗಳು. ಅವಳು, ಅಳಿಯ, ನಾಲ್ಕು ವರ್ಷದ ಮೊಮ್ಮಗ ಜರ್ಮನಿಯಲ್ಲಿದ್ದಾರೆ. ಹೋದ ವರ್ಷ ರಜೆಗೆಂದು ಸ್ಪೇನ್ ದೇಶದ ಬಾರ್ಸಿಲೋನಾಕ್ಕೆ ಹೋಗಿದ್ದರು. ಭೂಮಧ್ಯ ಸಮುದ್ರದ ದಂಡೆಯ ಊರು. ಅಲ್ಲಿಂದ ಫೋನಿನಲ್ಲಿ ನೀಲಿ ನೀರನ್ನೂ, ಮರಳಿನ ಮೇಲೆ ಹೊರಳಾಡುತ್ತಿದ್ದ ಮೊಮ್ಮಗನನ್ನೂ ತೋರಿಸಿದಳು.

"ಏನೇನ್ ನೋಡಿದ್ರಿ?" ಎಂದು ಕೇಳಿದೆ.

"ಇವತ್ತ ಏನೂ ನೋಡಲಿಲ್ಲವ್ವ. ಮುಂಜಾನೆ ಕಾಫಿ ಕುಡದ್ವಿ. ದಂಡಿಗುಂಟ ನಡದ್ವಿ. ಮಧ್ಯಾಹ್ನ ದೊಡ್ಡ ತಾಟಿನ್ಯಾಗ ಕೇಸರಿ ಹಾಕಿದ ಅನ್ನ ತಂದಿಟ್ರು, ಎಲ್ಲಾರೂ ಕೂಡಿ ಉಂಡ್ವಿ. ಈಗ ಕೂತೀವಿ. ಇಲ್ಲಿ ರಾತ್ರಿ ಒಂಬತ್ತಾದ್ರೂ ಬೆಳಕಿರ್ತದ."

ವಿಮಾನದ ಖರ್ಚು ಹಾಕಿಕೊಂಡು ಹೋಗಿ ಸುಮ್ಮನೆ ಕೂತು ಬಂದರಲ್ಲ ಎಂದು ನನಗೆ ಹೊಟ್ಟೆ ಉರಿಯಿತು! ಆಗ ನನ್ನ ಹಿಂದೆ ನಿಂತು ಫೋನು ನೋಡುತ್ತಿದ್ದ ಅತ್ತೆಯವರು ಒಂದು ಮಾತು ಕೇಳಿದರು. "ಆ ನೀರಿನ್ಯಾಗ ಯಾರ್‍ದರೆ ಊರು ಮುಳಗ್ಯಾವೇನ?"

ನಾವೆಲ್ಲ ನಕ್ಕೆವು. "ಆಯಿ, ಅದು ಸಮುದ್ರ, ಡ್ಯಾಮ್ ಅಲ್ಲ" ಎಂದಳು ಮಗಳು. ಅತ್ತೆಯವರು ಮತ್ತೇನೂ ಹೇಳದೆ ಶೇಂಗಾ ಸುಲಿಯಲು ಕೂತರು. ನಮಗೂ ಅದು ಮರೆತುಹೋಯಿತು.

ಈ ಸಲ ಮಗಳು ಬಂದವಳೇ ಹುಕುಂ ಹೊರಡಿಸಿದಳು. "ಒಂದ ದಿನ, ಒಂದ ಜಾಗಾ. ನೀರಿನ ದಂಡಿಗೆ ಹೋಗಿ ಕೂಡೂಣು. ಯಾರೂ ಏಳೂ ಹಂಗಿಲ್ಲ." ಗೋಕಾಕದವರಾದ ನಮಗೆ ಸಮುದ್ರ ಎಲ್ಲಿಂದ ಬರಬೇಕು? ನಮ್ಮ ಪಾಲಿಗೆ ಹಿಡಕಲ್ ಜಲಾಶಯವೇ ಸಮುದ್ರ. ಘಟಪ್ರಭೆಗೆ ಹುಕ್ಕೇರಿ ತಾಲೂಕಿನಲ್ಲಿ ಅಡ್ಡಲಾಗಿ ಕಟ್ಟಿ, 1977ರಲ್ಲಿ ಮುಗಿಸಿದ ಆಣೆಕಟ್ಟು ಅದು. ಅದಕ್ಕೆ ವಂಟಮುರಿಯ ರಾಜಾ ಲಖಮಗೌಡರ ಹೆಸರಿದೆ. ತುಂಬಿದಾಗ 51 ಟಿ.ಎಂ.ಸಿ. ನೀರು.

ಹಿಂದಿನ ದಿನವೇ ಮೂಡಲಗಿಯಿಂದ ನಾದಿನಿ ಬಂದಳು. ಇಬ್ಬರೂ ಸೇರಿ ದಶಮಿ ಮಾಡಿದೆವು. ಜೋಳದ ಹಿಟ್ಟನ್ನು ನೀರಿನ ಬದಲು ಕಾಯಿಸಿದ ಹಾಲಿನಲ್ಲಿ ಚೆನ್ನಾಗಿ ನಾದಿ, ರೊಟ್ಟಿಗಿಂತ ತುಸು ದಪ್ಪಗೆ ಬಡಿದು, ಬೇಯಿಸಿದ ಮೇಲೆ ಬೆಣ್ಣೆ ಸವರಿ ಅರಿವೆಯಲ್ಲಿ ಸುತ್ತಿಟ್ಟರೆ ಮರುದಿನವೂ ಮೆತ್ತಗೆ ಇರುತ್ತದೆ. ಜೊತೆಗೆ ಶೇಂಗಾ ಚಟ್ನಿ, ಮೊಸರಿನ ಬುತ್ತಿ, ಮಡಕಿ ಕಾಳಿನ ಪಲ್ಯ, ಕೊನೆಗೆ ನಮ್ಮೂರ ಕರದಂಟು. ಮಗಳು ಇದಕ್ಕಿಂತ ಹೆಚ್ಚು ಮಾಡಗೊಡಲಿಲ್ಲ.

ಅತ್ತೆಯವರನ್ನು ಹೊರಡಿಸುವುದೇ ಕಷ್ಟವಾಯಿತು. ಹಿಡಕಲ್‌ಗೆ ಹೋದಾಗಲೆಲ್ಲ ಅವರಿಗೆ ಮೊಣಕಾಲು ನೋಯುತ್ತದೆ. "ನೀವು ನೋಡಿ ಬರ್‍ರಿ" ಎಂದು ಗಾಡಿಯಲ್ಲೇ ಉಳಿಯುತ್ತಾರೆ. ನಮಗೋ ಚೀಟಿಯ ಅವಸರ. ಹತ್ತು ನಿಮಿಷ ನೋಡಿ ಬಂದು ಗಾಡಿ ಏರುತ್ತಿದ್ದೆವು. ಈ ಸಲ ಮರಿಮೊಮ್ಮಗ ಅವರ ಕಿರುಬೆರಳು ಹಿಡಿದು ಬಿಡಲೇ ಇಲ್ಲ.

ಬೆಳಿಗ್ಗೆ ಆರಕ್ಕೆ ಹೊರಟೆವು. ದಾರಿಯಲ್ಲಿ ಗೋಕಾಕ ಫಾಲ್ಸ್. ಮಳೆಗಾಲದಲ್ಲಿ ಲಾಳದ ಆಕಾರದ ಬಂಡೆಯ ಮೇಲಿಂದ ಸುಮಾರು 52 ಮೀಟರ್ ಕೆಳಗೆ ಕೆಂಪು ನೀರು ಧುಮುಕುವಾಗ ಪಕ್ಕದವರ ಮಾತೂ ಕೇಳಿಸುವುದಿಲ್ಲ. 1887ರಷ್ಟು ಹಿಂದೆಯೇ ಈ ನೀರಿನ ಬಲದಿಂದ ಇಲ್ಲಿ ನೂಲಿನ ಗಿರಣಿ ನಡೆಯಿತು. ಆದರೆ ಮೇ ತಿಂಗಳಲ್ಲಿ ಬರೀ ಕಲ್ಲು, ನಡುವೆ ಹೆರಳಿನಂಥ ಒಂದು ಎಳೆ ನೀರು. ನಿಲ್ಲದೆ ಮುಂದೆ ಹೋದೆವು.

ಹಿನ್ನೀರಿನ ದಂಡೆಯಲ್ಲಿ ಒಂದು ಬೇವಿನ ಮರ ಸಿಕ್ಕಿತು. ನೀರು ಬಹಳ ಹಿಂದೆ ಸರಿದಿತ್ತು. ಒಣಗಿ ಬಿರಿದ ನೆಲದಲ್ಲಿ ಕುರಿಗಳು ಮೇಯುತ್ತಿದ್ದವು. ಅದರಾಚೆ ಕಣ್ಣು ಹಾಯುವವರೆಗೆ ನೀರು. ಜಮಖಾನೆ ಹಾಸಿ ಕೂತೆವು. ಮೊದಲ ಒಂದು ಗಂಟೆ ನನಗೆ ಕೂಡಲು ಬರಲಿಲ್ಲ ಎಂದರೆ ನಂಬುತ್ತೀರಾ? ಡಬ್ಬಿ ಒಂದು ಸಲ ತೆಗೆದೆ, ಮುಚ್ಚಿದೆ. ಲೋಟ ಎಣಿಸಿದೆ. ಮಗಳು ನನ್ನ ಕೈಯಿಂದ ಚೀಲ ಕಸಿದುಕೊಂಡು ತನ್ನ ಬೆನ್ನ ಹಿಂದೆ ಇಟ್ಟಳು. ನಮ್ಮವರು ಎರಡು ಸಲ ಗಡಿಯಾರ ನೋಡಿ, ಆಮೇಲೆ ಚಪ್ಪಲಿ ತಲೆದಿಂಬು ಮಾಡಿ ಒರಗಿದರು. ಉಂಡೆವು. ಯಾರೂ ಏಳಲಿಲ್ಲ.

ಊಟದ ಮೇಲೆ ಹುಡುಗ ಓಡಿಹೋಗಿ ನೀರಿಗೆ ಕಲ್ಲು ಒಗೆಯತೊಡಗಿದ. ಅವನ ಅಪ್ಪ ಜೊತೆಗಿದ್ದ. ಅತ್ತೆಯವರು ಕೂತಲ್ಲಿಂದಲೇ ಕೂಗಿದರು. "ಸಾವಕಾಶ ಒಗಿಯೋ ತಮ್ಮಾ. ಯಾರ್‍ದರೆ ಮನಿ ಮ್ಯಾಲ ಬಿದ್ದೀತು."

ಹುಡುಗ ಬಂದು, "ಯಾರ ಮನಿ?" ಎಂದು ಕೇಳಿದ.

ಅತ್ತೆಯವರು ಬಹಳ ಹೊತ್ತು ನೀರು ನೋಡಿದರು. ಆಮೇಲೆ ಕೈ ಎತ್ತಿ ತೋರಿಸಿದರು. "ಅಲ್ಲಿ. ನಮ್ಮಪ್ಪನ ಮನಿ."

ಅವರ ತವರು ಮುಳುಗಡೆಯಾಗಿದೆ ಎಂಬ ಸಂಗತಿ ನಮಗೆ ಗೊತ್ತಿರಲಿಲ್ಲ ಎಂದಲ್ಲ. ಮುಳುಗಡೆಯವರು ಎಂಬ ಮಾತು ನಮ್ಮ ಕಡೆ ಸಾಮಾನ್ಯ. ಹೊಸ ಊರಿನಲ್ಲಿ ಕಟ್ಟಿಕೊಂಡ ಅವರ ಅಣ್ಣನ ಮನೆಗೆ ನಾವು ಹಬ್ಬಕ್ಕೆ ಹೋಗಿಬಂದಿದ್ದೇವೆ. ಗೊತ್ತಿತ್ತು, ಅಷ್ಟೇ. ಕೇಳಿರಲಿಲ್ಲ.

ಅವರಿಗೆ ಚೊಚ್ಚಲ ಬಸಿರಿನ ಒಂಬತ್ತು ತಿಂಗಳು ತುಂಬಿದಾಗ ಊರು ಬಿಡುವ ಹುಕುಂ ಬಂದಿತ್ತಂತೆ. ಜನ ಬಾಗಿಲು, ಚೌಕಟ್ಟು, ತೊಲೆ, ಜಂತಿ ಎಲ್ಲ ಬಿಚ್ಚಿ ಚಕ್ಕಡಿಯಲ್ಲಿ ಹೇರಿಕೊಂಡು ಹೊಸ ಜಾಗಕ್ಕೆ ಸಾಗಿಸುತ್ತಿದ್ದರು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ಅವರ ಅಪ್ಪ ಹೇಳಿಕಳಿಸಿದರು: ಮನೆಯ ಮೇಲೆ ಮಾಳಿಗೆ ಇಲ್ಲ, ಮಗಳನ್ನು ಕರೆಯಲು ಬರುವುದಿಲ್ಲ. ಕೊನೆಗೆ ಅವರ ಅವ್ವನೇ ಗೋಕಾಕಕ್ಕೆ ಬಂದು, ಬೀಗರ ಮನೆಯ ಹಂಗಿನಲ್ಲಿ ಮಗಳ ಬಾಣಂತನ ಮಾಡಿದರು.

"ಕೂಸಿಗೆ ಐದ ತಿಂಗಳಾದ ಮ್ಯಾಲ ಅಣ್ಣ ಕರಿಯಾಕ ಬಂದ. ಹಳೇ ಊರು ಒಮ್ಮಿ ನೋಡಬೇಕು ಅಂದೆ. ಏನ್ ನೋಡ್ತಿ, ನೀರು ನಿಂತೈತಿ ಅಂದ."

ಆ ಕೂಸು ನಮ್ಮವರು. ಈಗ ಐವತ್ತು ದಾಟಿದ ಆ ಕೂಸು ಎದ್ದು ಕೂತಿತ್ತು. "ಅವ್ವಾ, ಅಂದ್ರ ನನ್ನ ಸಲುವಾಗಿ..." ಎಂದರು. ಮುಂದೆ ಮಾತು ಬರಲಿಲ್ಲ.

"ಅದಕ್ಕ ಹೇಳಿದ್ದಿಲ್ಲ" ಎಂದರು ಅತ್ತೆಯವರು.

ದೂರದಲ್ಲಿ ಹುನ್ನೂರಿನ ವಿಠ್ಠಲ ದೇವಸ್ಥಾನವಿದೆ ಎಂದು ಅಳಿಯ ಹೇಳಿದ. ಜಲಾಶಯದಲ್ಲಿ ಮುಳುಗಿದ ಆ ಕಲ್ಲಿನ ಗುಡಿ ಬೇಸಿಗೆಯಲ್ಲಿ ನೀರು ಇಳಿದಾಗ ಹೊರಗೆ ಕಾಣುತ್ತದೆ, ಜನ ಹೋಗಿ ಕೈ ಮುಗಿದು ಬರುತ್ತಾರೆ. ಅತ್ತೆಯವರಿಗೆ ಅದು ಹೊಸ ಸುದ್ದಿಯಲ್ಲ. "ದೇವರಿಗೇನಪಾ, ಕಲ್ಲಿನ ಗುಡಿ. ಮತ್ತ ಹೊರಗ ಬರ್ತಾನ. ನಮ್ಮದು ಮಣ್ಣಿನ ಮನಿ. ಎಂದೋ ಕರಗಿ ಹೋತು."

ನಾದಿನಿ ಅಳುತ್ತಿದ್ದಳು. ಮೂಡಲಗಿಯ ಅವಳ ಮನೆಯ ಕಬ್ಬಿಗೆ ಘಟಪ್ರಭೆಯ ಎಡದಂಡೆ ಕಾಲುವೆಯ ನೀರು. ಆ ಕಬ್ಬಿನಿಂದಲೇ ಮಕ್ಕಳ ಓದು, ಮಗಳ ಮದುವೆ. "ಅವ್ವಾ, ಈ ನೀರು ಉಂಡ ನಾವು ಬದುಕೀವಿ. ನೀ ಒಂದ ದಿನಾನೂ ಹೇಳಲಿಲ್ಲಲ್ಲ" ಎಂದಳು.

"ನೀರಿನ ತಪ್ಪೇನದ ಅದರಾಗ? ನಿನ್ನ ಕಬ್ಬು ಹಸರಾತು, ಛಲೋ ಆತು. ಆದ್ರ ಯಾವಾಗ ಹೇಳ್ಲಿ? ನೀವ್ಯಾವಾಗ ಕೂತೀರಿ?"

ಈ ಮಾತು ನನಗೆ ನಾಟಿತು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕಕ್ಕೆ ನುಗ್ಗಿದಾಗ ನಮ್ಮ ಓಣಿಯಲ್ಲೂ ಸೊಂಟದ ಮಟ್ಟ ನೀರು ಬಂದಿತ್ತು. ಎಲ್ಲರೂ ಗಾಬರಿಯಾಗಿ ಓಡಾಡುವಾಗ ಅತ್ತೆಯವರೊಬ್ಬರೇ ಗೋಡೆಯ ಫೋಟೋಗಳನ್ನು ಒಂದೊಂದಾಗಿ ಇಳಿಸುತ್ತ, "ನೀರು ಬರೂದು ನನಗೇನ ಹೊಸಾದಲ್ಲ" ಎಂದಿದ್ದರು. ಅಂದೂ ಕೇಳಲು ನನಗೆ ಪುರುಸೊತ್ತಿರಲಿಲ್ಲ. ನೀರು ಇಳಿದ ಮೇಲೆ ಕೆಸರು ಬಳಿದು, ಜಂಗು ಹಿಡಿದ ಸಾಮಾನನ್ನೆಲ್ಲ ಮೋಡಕಾದವನಿಗೆ ಹಾಕಿದೆ.

ಅತ್ತೆಯವರು ಮುಂದುವರಿಸಿದರು. "ನಮ್ಮವ್ವ ಬಾಣಂತನಕ್ಕ ಬರೂ ಮುಂದ ಏನೂ ತರಾಕ ಆಗಲಿಲ್ಲ. ತೊಲಿ ಬಿಚ್ಚೂ ಮುಂದ ತೊಟ್ಟಿಲದ ಸರಪಳಿ ಒಂದ ಬಿಚ್ಚಿ ತಂದಿದ್ಲು. ನಾ ಆಡಿದ ತೊಟ್ಟಿಲದ್ದು. ಅದಕ್ಕ ಇವನ್ನ ತೂಗಿದೆ." ಅಷ್ಟು ಹೇಳಿ ನನ್ನ ಮುಖ ನೋಡಿ ತಟ್ಟನೆ ನಿಲ್ಲಿಸಿದರು.

ಆ ಸರಪಳಿಗೇ ನನ್ನ ಮಕ್ಕಳನ್ನೂ ತೂಗಿದ್ದೆ. ಮೋಡಕಾದವನ ತಕ್ಕಡಿಗೆ ಅದನ್ನು ಹಾಕಿದವಳೂ ನಾನೇ. ಅಂದು ಅತ್ತೆಯವರು ಬಾಗಿಲಲ್ಲೇ ನಿಂತಿದ್ದರು. ಒಂದು ಮಾತೂ ಆಡಿರಲಿಲ್ಲ.

"ಅತ್ತೀ, ನಂಗ ಗೊತ್ತಿರ್‍ಲಿಲ್ರಿ" ಎಂದೆ.

"ಇರ್‍ಲಿ ಬಿಡ. ಕಬ್ಬಣ" ಎಂದರು. ಎದ್ದು ಹೋಗಬೇಕೆನಿಸಿತು ನನಗೆ, ಡಬ್ಬಿ ತೊಳೆಯುವ ನೆವ ಮಾಡಿಯಾದರೂ. ಅವರು ನನ್ನ ಸೆರಗು ಹಿಡಿದು, "ಕೂಡ್ರ" ಎಂದರು. ಕೂತೆ.

ಬಿಸಿಲು ಇಳಿದ ಮೇಲೆ ನಮ್ಮವರು ಅವ್ವನ ಕೈ ಹಿಡಿದು ನೀರಿನ ತನಕ ನಡೆಸಿಕೊಂಡು ಹೋದರು. ಮೊಣಕಾಲು ನೋವಿನ ಮಾತೇ ಬರಲಿಲ್ಲ. ಅತ್ತೆಯವರು ಸೀರೆ ತುಸು ಎತ್ತಿ ಪಾದ ತೋಯಿಸಿಕೊಂಡು, ಬೊಗಸೆಯಲ್ಲಿ ನೀರು ತೆಗೆದು ಕಣ್ಣಿಗೆ ಒತ್ತಿಕೊಂಡರು. "ಅವ್ವಾ, ಇದ ನೀರು ಅಲ್ಲ ನಮ್ಮೂರಾಗ ಫಾಲ್ಸಿಗೆ ಬೀಳೂದು?" ಎಂದರು ನಮ್ಮವರು, ಸಮಾಧಾನಕ್ಕೆಂದು.

"ಗೊತ್ತೈತಿ. ಮದಿವ್ಯಾದಾಗಿಂದ ಅದನ್ನ ಕುಡಿಯಾಕತ್ತೇನಿ" ಎಂದರು ಅತ್ತೆಯವರು.

ಕತ್ತಲಾದ ಮೇಲೆ ಹೊರಟೆವು. ಹುಕ್ಕೇರಿಯನ್ನು ನೋಡಲಿಲ್ಲ, ಗೊಡಚಿನಮಲ್ಕಿಯನ್ನೂ ನೋಡಲಿಲ್ಲ. ದಾರಿಯುದ್ದಕ್ಕೂ ಯಾರೂ ಹೆಚ್ಚು ಮಾತಾಡಲಿಲ್ಲ.

ಮರುವಾರ ನಾನು ಮೋಡಕಾ ಅಂಗಡಿಗೆ ಹೋಗಿ ಕೇಳಿದೆ. ಅಷ್ಟು ವರ್ಷದ ಹಿಂದಿನ ಕಬ್ಬಿಣ ಎಲ್ಲಿರಬೇಕು? ಆತ ನಕ್ಕುಬಿಟ್ಟ. ಇದನ್ನು ಅತ್ತೆಯವರಿಗೆ ಹೇಳಿಲ್ಲ. ಈ ಬರಹದಲ್ಲಿ ಅವರ ಊರಿನ ಹೆಸರು ಬೇಡ ಎಂದು ಅವರೇ ಹೇಳಿದ್ದರಿಂದ ಹಾಕಿಲ್ಲ.

ಸೋದರಿಯರೇ, ಸಮುದ್ರಕ್ಕೇ ಹೋಗಬೇಕೆಂದಿಲ್ಲ. ನಿಮ್ಮೂರ ಕೆರೆಯ ದಂಡೆಯಾದರೂ ಸಾಕು. ರಜೆಯ ಒಂದು ದಿನ ಚೀಟಿ ಬರೆಯಬೇಡಿ, ಎರಡು ಪಲ್ಯ ಕಡಿಮೆ ಮಾಡಿ, ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ ಅವರ ಪಕ್ಕದಲ್ಲಿ ನೀವೂ ಕೂಡಿ. ಅವರು ಕೂತ ಕೂಡಲೇ ಮಾತಾಡುವುದಿಲ್ಲ. ನಮ್ಮ ಅತ್ತೆಯವರಿಗೆ ಅರ್ಧ ದಿನ ಬೇಕಾಯಿತು.

ಈಗ ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಒಂದು ತಾಸು ಕೆಲಸಕ್ಕೆ ರಜೆ. ಅತ್ತೆಯವರು ಆ ಮನೆಯನ್ನು ನೆಲದ ಮೇಲೆ ಬೆರಳಿನಿಂದ ಬರೆದು ತೋರಿಸುತ್ತಾರೆ. ನಾನು ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ, ಜರ್ಮನಿಯಿಂದ ಮಗಳೂ ಫೋನಿನಲ್ಲಿ ಕೂಡಿಕೊಳ್ಳುತ್ತಾಳೆ. ಪಡಸಾಲೆ, ದನದ ಗ್ವಾದಲಿ, ಅಡಿಗೆ ಮನೆ ಮುಗಿದಿವೆ. ಹಿತ್ತಲು ಇನ್ನೂ ಬಾಕಿ ಇದೆ.